ಕ್ಲಾಸ್, ಆಪ್, ತಾಯಿ ಕಾರ್ಡ್: ಬಸುರಿ ಬಾಣಂತಿಗೆ ಕೊನೆಗೆ ಒದಗಿದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತಾಯಿ ಕಾರ್ಡಿಗೆ ಮತ್ತು ಅದರ ಜೊತೆ ಮನೆಗೆ ಬರುವ ಆಶಾ ಅಕ್ಕನಿಗೆ, ಅಂದರೆ ಊರಿನ ಆರೋಗ್ಯ ಕಾರ್ಯಕರ್ತೆಗೆ. ಚೊಚ್ಚಲ ಬಸುರಿಯಲ್ಲಿ ನಾನು ಮೂರನ್ನೂ ಬಳಸಿದ್ದೇನೆ. ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಗರ್ಭಿಣಿಯರ ಕ್ಲಾಸಿಗೆ ಮೂರು ಸಾವಿರ ಕಟ್ಟಿದ್ದೆ. ಫೋನಿನಲ್ಲಿ ವಾರ ವಾರ ಮಾಹಿತಿ ಕೊಡುವ ಆಪ್ ಹಾಕಿಕೊಂಡಿದ್ದೆ. ತಾಯಿ ಕಾರ್ಡ್, ಅಂದರೆ ಬಸುರಿಯ ತಪಾಸಣೆ ವಿವರ ಬರೆದಿಡುವ ಸರ್ಕಾರಿ ಕಾರ್ಡ್, ಹೆಸರು ಬರೆಸಿದಾಗಲೇ ಕೈಗೆ ಬಂತು, ಒಂದು ಪೈಸೆ ಖರ್ಚಿಲ್ಲ.

ಕ್ಲಾಸ್ ಕೆಟ್ಟದ್ದೇನಲ್ಲ. ನೋವು ಶುರುವಾದಾಗ ಉಸಿರು ಹೇಗೆ ಬಿಡಬೇಕು, ಯಾವ ಮಗ್ಗುಲಿಗೆ ಮಲಗಬೇಕು, ನೀರು ಒಡೆದರೆ ಎಷ್ಟು ಬೇಗ ಹೊರಡಬೇಕು, ಎಲ್ಲ ಬಿಡಿಸಿ ಹೇಳಿದರು. ಹೆರಿಗೆ ಕೋಣೆಯನ್ನೂ ತೋರಿಸಿದರು, ಅರ್ಧ ಹೆದರಿಕೆ ಅಲ್ಲೇ ಇಳಿಯಿತು. ನಮ್ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು. ಅದು ನನಗೆ ತುಂಬಾ ಇಷ್ಟವಾಯಿತು.

ತೊಂದರೆ ಬಂದದ್ದು ಏಳನೇ ತಿಂಗಳಲ್ಲಿ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲೇ, ಅಲ್ವಾ? ಕುಬಸ (ಸೀಮಂತ) ಮುಗಿಸಿ, ಕೃಷ್ಣಾ ದಾಟಿ ಜಮಖಂಡಿ ಹತ್ತಿರದ ನನ್ನೂರಿಗೆ ಹೋದೆ. ಹಾಲುಣಿಸುವುದು, ಕೂಸಿನ ಆರೈಕೆ, ಬಾಣಂತಿಗೆ ಅಪಾಯದ ಲಕ್ಷಣಗಳು, ಇವೆಲ್ಲ ಕ್ಲಾಸಿನ ಕೊನೆಯ ಪಾಠಗಳು. ನಡೆಯುವುದು ಎಂಟು, ಒಂಬತ್ತನೇ ತಿಂಗಳಲ್ಲಿ. ಆ ಹೊತ್ತಿಗೆ ನಮ್ಮ ಭಾಗದ ಎಷ್ಟು ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ ಇರುತ್ತಾರೆ?

ಫೋನಿನಲ್ಲೇ ಕೇಳಿಸಿಕೊಳ್ಳುತ್ತೇನೆ ಎಂದೆ. ಅದಕ್ಕೆ ವ್ಯವಸ್ಥೆ ಇಲ್ಲ ಎಂದರು. ಉಳಿದ ದುಡ್ಡು ಕೇಳಿದರೆ ಪ್ಯಾಕೇಜ್ ವಾಪಸ್ ಆಗಲ್ಲ ಎಂದರು. ಪಾಠದ ಹಾಳೆಗಳನ್ನಾದರೂ ಕೊಡಿ ಎಂದರೆ, ಅವನ್ನು ಕ್ಲಾಸಿಗೆ ಬಂದವರಿಗೆ ಮಾತ್ರ ಕೊಡುವುದಂತೆ. ತವರಿಗೆ ಹೋಗುವ ಪದ್ಧತಿ ಅವರಿಗೆ ಗೊತ್ತಿಲ್ಲದ್ದಲ್ಲ. ಬಾಣಂತನದ ಪಾಠಗಳನ್ನು ಆರನೇ ತಿಂಗಳಿಗೆ ಹಿಂದೆ ತಂದರೆ ಸಾಕಿತ್ತು. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಕಾರ್ಡ್ ಮಾತ್ರ ನನ್ನ ಚೀಲದಲ್ಲೇ ಬಂತು. ರಕ್ತದ ಗುಂಪು, ಹಿಮೋಗ್ಲೋಬಿನ್, ಬಿಪಿ, ತೂಕ, ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಚುಚ್ಚುಮದ್ದು ಹಾಕಿದ ತಾರೀಕು, ಎಲ್ಲ ಅದರಲ್ಲಿದೆ. ತವರಿನ ಕಡೆ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ಕಾರ್ಡ್ ಬಿಚ್ಚಿ ನೋಡಿದರು, ಮೊದಲಿಂದ ಕಥೆ ಹೇಳುವ ಕೆಲಸವೇ ಬೀಳಲಿಲ್ಲ. ಪ್ರತಿ ತಿಂಗಳು 9ನೇ ತಾರೀಕು ಅಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಹೆರಿಗೆ, ಔಷಧಿ, ಊಟಕ್ಕೂ ದುಡ್ಡಿಲ್ಲ. ಸಿಸೇರಿಯನ್ ಆದರೂ ಅಷ್ಟೇ.

ಇಲ್ಲೂ ಒಂದು ಕೊರತೆ ಇದೆ. ಕಾರ್ಡ್ ನಮ್ಮ ಜೊತೆ ಬರುತ್ತದೆ, ಆಶಾ ಅಕ್ಕ ಬರುವುದಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ತಾಯಿ, ಕೂಸು ಇಬ್ಬರನ್ನೂ ನೋಡಬೇಕು. ನನ್ನ ಹೆಸರು ಇದ್ದದ್ದು ವಿಜಯಪುರದ ಪಟ್ಟಿಯಲ್ಲಿ. ತವರಿನ ಆಶಾ ಅಕ್ಕನಿಗೆ ನಾನು ಬಂದಿರುವುದೇ ಗೊತ್ತಿರಲಿಲ್ಲ. ಅವ್ವ ಅಂಗನವಾಡಿಗೆ ಹೋಗಿ ಹೇಳಿದ ಮೇಲೆ ಬಂದರು.

ಬಂದವರು ಮೊದಲು ಸೋಪು ಹಚ್ಚಿ ಕೈ ತೊಳೆದರು. ಕೂಸಿನ ಅಂಗಿ ಮೇಲೆತ್ತಿ, ಗಡಿಯಾರ ಹಿಡಿದು, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದರು. 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮತ್ತೊಮ್ಮೆ ಎಣಿಸಬೇಕಂತೆ, ಆಗಲೂ ಅಷ್ಟೇ ಇದ್ದರೆ ತಡಮಾಡದೆ ಆಸ್ಪತ್ರೆ. ಆಮೇಲೆ ಜೋಲಿಯಲ್ಲಿ ಹಾಕಿ ತೂಕ ನೋಡಿದರು. ಅವ್ವ ಹೊಕ್ಕಳಿಗೆ ಎಣ್ಣೆ ಹಚ್ಚಲು ಬಟ್ಟಲು ತಂದಿಟ್ಟಿದ್ದಳು. “ಅವ್ವಾರ, ಹೊಕ್ಕಳಕ್ಕ ಏನೂ ಹಚ್ಚಬ್ಯಾಡ್ರಿ, ಒಣಗಿ ತಾನ ಬೀಳತೈತಿ. ಜೇನುತುಪ್ಪನೂ ನೆಕ್ಕಸಬ್ಯಾಡ್ರಿ, ವರ್ಷ ತುಂಬೋತನಕ. ಇಕಿಗೆ ನೀರು ಕೇಳಿದಷ್ಟು ಕೊಡ್ರಿ,” ಎಂದರು. ಬಾಣಂತಿಗೆ ನೀರು ಜಾಸ್ತಿ ಕೊಡಬಾರದು ಅಂತ ನಮ್ಮನೆಯಲ್ಲಿ ತಂಬಿಗೆ ಎತ್ತಿಟ್ಟಿದ್ದರು. ನಾನು ಹೇಳಿದ್ದರೆ ಅವ್ವ ಕೇಳುತ್ತಿರಲಿಲ್ಲ. ಬಾಣಂತಿಗೆ ಕೊಡುವ ಅಂಟಿನ ಉಂಡಿಗೆ ಅವರದೇನೂ ತಕರಾರಿಲ್ಲ, ಅದಕ್ಕೇ ಅವ್ವನಿಗೂ ಅವರ ಮಾತು ಹಿಡಿಸಿತು.

ಆಪ್ ಬಗ್ಗೆ ಹೇಳುವುದು ಕಡಿಮೆ. ಕೂಸಿನ ಒದೆತ ಎಣಿಸಲು ಚೆನ್ನಾಗಿದೆ. ಏಳು ತಿಂಗಳು ತುಂಬಿದ ಮೇಲೆ ಊಟವಾಗಿ ಎಡಮಗ್ಗುಲಿಗೆ ಮಲಗಿ, ಎರಡು ತಾಸಿನಲ್ಲಿ ಹತ್ತು ಸಲ ಅಲುಗಾಡಿತೇ ಅಂತ ನೋಡುತ್ತಿದ್ದೆ. ಅಷ್ಟು ಬರದಿದ್ದರೆ ಬೆಳಗಾಗಲಿ ಅಂತ ಕಾಯಬಾರದು, ಆಗಲೇ ಹೊರಡಬೇಕು. ಆದರೆ ಅದೇ ಆಪ್ ಕಬ್ಬಿಣದ ಗುಳಿಗೆಗೂ ಕ್ಯಾಲ್ಸಿಯಂ ಗುಳಿಗೆಗೂ ಒಂದೇ ಹೊತ್ತಿಗೆ ಗಂಟೆ ಬಾರಿಸುತ್ತಿತ್ತು. ಎರಡನ್ನೂ ಕೂಡಿಸಿ ತಗೊಂಡರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ನಡುವೆ ಎರಡು ತಾಸಾದರೂ ಬಿಡಬೇಕು, ಚಹಾದ ಜೊತೆಯಂತೂ ಬೇಡವೇ ಬೇಡ. ಇದನ್ನು ಹೇಳಿದ್ದು ವಿಜಯಪುರದ ಆಶಾ ಅಕ್ಕ. ಊಟದ ಪಟ್ಟಿಯಲ್ಲಿ ಓಟ್ಸ್, ಆವಕಾಡೊ. ನಮ್ಮ ಪುಂಡಿಪಲ್ಲೆ, ಹೆಸರುಕಾಳು, ಶೇಂಗಾ ಒಂದೂ ಇಲ್ಲ.

ಯೂಟ್ಯೂಬಿನಲ್ಲಿ ಹೊಟ್ಟೆ ನೋಡಿ ಗಂಡೋ ಹೆಣ್ಣೋ ಹೇಳುವ ವಿಡಿಯೊಗಳೇ ಜಾಸ್ತಿ. ಸುಮ್ನೆ ಬಿಟ್ಟುಬಿಡಿ.

ಕಾರ್ಡಿನಲ್ಲಿ ಅಕ್ಷರ ಸಣ್ಣವು, ಕೆಲವು ಕಡೆ ಬರೆದದ್ದು ತಿಳಿಯುವುದೂ ಇಲ್ಲ. ಹೆರಿಗೆ ನೋವನ್ನು ಹೇಗೆ ಎದುರಿಸಬೇಕು ಅಂತ ಕ್ಲಾಸಿನಷ್ಟು ಬಿಡಿಸಿ ಹೇಳುವಷ್ಟು ಹೊತ್ತು ಆಶಾ ಅಕ್ಕನಿಗೆ ಸಿಗಲ್ಲ. ಹೆರಿಗೆಯೂ ಇರುವ ಊರಲ್ಲೇ ಆಗುವುದಾದರೆ, ಕೈಯಲ್ಲಿ ದುಡ್ಡಿದ್ದರೆ, ಕ್ಲಾಸಿಗೆ ಧಾರಾಳವಾಗಿ ಹೋಗಿ. ತವರಿಗೆ ಹೋಗುವವರಾದರೆ ಆ ಮೂರು ಸಾವಿರ ಹಾಲು, ಮೊಟ್ಟೆ, ಹಣ್ಣಿಗೆ ಇಟ್ಟುಕೊಳ್ಳಿ. ಕುಬಸವಾಗಿ ತವರಿಗೆ ಬಂದ ವಾರವೇ ಕಾರ್ಡ್ ಹಿಡಿದು ಅಲ್ಲಿನ ಆರೋಗ್ಯ ಉಪಕೇಂದ್ರಕ್ಕೆ ಹೋಗಿ ಹೆಸರು ಬರೆಸಿ. ಆ ಊರಿನ ಆಶಾ ಅಕ್ಕನ ನಂಬರನ್ನು ಕಾರ್ಡಿನ ಮೇಲೇ ಬರೆದಿಡಿ.