ಕೀ ಕೊಟ್ಟಿರುವ ಹಳೇ ಸಂಗೀತದ ಗೊಂಬೆಯನ್ನು ಪಾರ್ಸೆಲ್‌ನಲ್ಲಿ ತರಿಸಬೇಡಿ

ಹಳೇ ಫ್ರೆಂಚ್ ಆಟೋಮೇಟನ್, ಅಂದರೆ ಕೀ ಕೊಟ್ಟರೆ ತಾನೇ ಆಡುವ ಗೊಂಬೆ, ಕೊಳ್ಳುವ ಯೋಚನೆ ಇರುವವರು ದಯವಿಟ್ಟು ಇದನ್ನು ಓದಿ.

ಪ್ಯಾರಿಸ್‌ನ ಒಬ್ಬ ವ್ಯಾಪಾರಿಯಿಂದ ಗೊಂಬೆ ತರಿಸಿದೆ. ಲಿಯೋಪೋಲ್ಡ್ ಲಾಂಬೇರ್ ತಯಾರಿಸಿದ್ದು, 1890ರ ಆಸುಪಾಸಿನದು ಎಂದಿದ್ದರು. ಕೀ ಕೊಟ್ಟರೆ ತಲೆ ತಿರುಗಿಸಿ ಬೀಸಣಿಗೆ ಬೀಸುತ್ತಾಳೆ, ಪೀಠದೊಳಗೆ ಸಂಗೀತ ನುಡಿಯುತ್ತದೆ. ವಿಡಿಯೋದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು.

ಪಾರ್ಸೆಲ್ ಬಂದಾಗ ಪೀಠದೊಳಗೆ ಗಲಗಲ ಸದ್ದು. ಈ ಗೊಂಬೆಯಲ್ಲಿ ತಿರುಗುವ ಸಿಲಿಂಡರಿನ ಮುಳ್ಳುಗಳು ಬಾಚಣಿಗೆಯಂಥ ಉಕ್ಕಿನ ಪಟ್ಟಿಯ ಹಲ್ಲುಗಳನ್ನು ಮೀಟಿದಾಗಲೇ ಹಾಡು ಬರುವುದು. ತಳದ ಹಲಗೆ ಬಿಚ್ಚಿದರೆ ಆ ಬಾಚಣಿಗೆಯ ಹಲ್ಲುಗಳು ಮುರಿದು ಉದುರಿವೆ. ಸಿಲಿಂಡರಿನ ಸಣ್ಣ ಮುಳ್ಳುಗಳೆಲ್ಲ ಒಂದೇ ಕಡೆ ಬಾಗಿವೆ, ಕೆಲವು ಜಾಗ ಪೂರ್ತಿ ಬೋಳು. ನೋಡಿ ಹೊಟ್ಟೆ ಉರಿಯಿತು.

ಆಗಿದ್ದಿಷ್ಟು. ಸ್ಪ್ರಿಂಗ್ ಪೂರ್ತಿ ಬಿಗಿ ಇದ್ದಾಗಲೇ ಪ್ಯಾಕ್ ಮಾಡಿದ್ದಾರೆ. ಸ್ಪ್ರಿಂಗಿನ ಬಲವನ್ನು ಹಿಡಿದಿಡುವುದು ಗವರ್ನರ್, ಅಂದರೆ ಗಿರ್ರನೆ ತಿರುಗುವ ಪುಟ್ಟ ರೆಕ್ಕೆ. ಅದರ ಕಡ್ಡಿ ತೀರಾ ಸಣ್ಣದು. ದಾರಿಯಲ್ಲಿ ಪೆಟ್ಟು ಬಿದ್ದು ಅದು ಮುರಿದಿದೆ. ತಡೆಯೇ ಇಲ್ಲದ ಸಿಲಿಂಡರ್ ಒಂದೇ ಉಸಿರಿಗೆ ಸುತ್ತಿ, ಮುಳ್ಳು ಹಲ್ಲು ಎರಡನ್ನೂ ಕಿತ್ತುಹಾಕಿದೆ. ನೂರು ವರ್ಷ ಉಳಿದು ಬಂದ ಹಾಡು ಕೆಲವೇ ಕ್ಷಣದಲ್ಲಿ ಹೋಯಿತು.

"ಇಲ್ಲಿಂದ ಹೊರಟಾಗ ಚೆನ್ನಾಗಿತ್ತು" ಅಂತ ವ್ಯಾಪಾರಿ ಕೈ ತೊಳೆದುಕೊಂಡರು. ಡಬ್ಬಿಗೆ ಒಂದು ಗೀರೂ ಇಲ್ಲ ಎಂದು ಕೊರಿಯರ್‌ನವರೂ ಪರಿಹಾರ ಕೊಡಲಿಲ್ಲ.

ಇನ್ನೊಂದು ಮೋಸವೂ ಹೊರಬಿತ್ತು. ಲಾಂಬೇರ್ ಗೊಂಬೆಗಳಿಗೆ ಹೆಚ್ಚಾಗಿ ಜ್ಯುಮೋ ಕಂಪನಿಯ ಬಿಸ್ಕ್ (ಹೊಳಪು ಲೇಪವಿಲ್ಲದ) ಪಿಂಗಾಣಿ ತಲೆ ಇರುತ್ತದೆ. ಬೆಲೆಯಲ್ಲಿ ದೊಡ್ಡ ಪಾಲು ಆ ತಲೆಯದೇ. ಕತ್ತಲಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದಾಗ ಹಣೆಯ ಮೇಲೆ ಬಿರುಕು ಮುಚ್ಚಿ ಬಣ್ಣ ಬಳಿದ ಪಟ್ಟಿ ಎದ್ದು ಕಂಡಿತು. "ಮೂಲ ರೇಷ್ಮೆ" ಎಂದಿದ್ದ ಲಂಗದ ಅಂಚಿನ ಹೊಲಿಗೆ ನೂಲು ನೀಲಿ ಬಿಳುಪಾಗಿ ಹೊಳೆಯಿತು. ಅದು ಈಗಿನ ಕಾಲದ ನೂಲು. ಕೀ ಮೇಲೆ ಲಾಂಬೇರ್‌ನ ಎಲ್‌ಬಿ ಎಂಬ ಗುರುತು ಇತ್ತು ನಿಜ, ಆದರೆ ಕೀ ಯಾವ ಗೊಂಬೆಯ ಜೊತೆಗಾದರೂ ಇಡಬಹುದಲ್ವಾ?

ಹಾಗಾಗಿ ದುಡ್ಡು ಕಟ್ಟುವ ಮೊದಲೇ ಯುವಿ ಬೆಳಕಿನಲ್ಲಿ ತೆಗೆದ ಮುಖದ ಫೋಟೋ, ಬಾಚಣಿಗೆಯ ಹತ್ತಿರದ ಫೋಟೋ ಕೇಳಿ. ಹಾಡಿ ಹಾಡಿ ಸ್ಪ್ರಿಂಗ್ ಪೂರ್ತಿ ಸಡಿಲವಾದ ಮೇಲೆಯೇ ಪ್ಯಾಕ್ ಮಾಡುತ್ತೇವೆ ಅಂತ ಬರೆಸಿಕೊಳ್ಳಿ. ಕೀ ತೆಗೆದು ಬೇರೆ ಇಡಲು ಹೇಳಿ. ಆದರೂ ಬಿಗಿಯಾಗಿಯೇ ಬಂದರೆ, ಗವರ್ನರಿನ ಸ್ಕ್ರೂ ಮಾತ್ರ ಮುಟ್ಟಬೇಡಿ. ಅದು ಕಳಚಿತೋ, ನಿಮ್ಮ ಕಣ್ಣೆದುರೇ ಇದೇ ಗತಿ. ಗೊತ್ತಿರುವ ರಿಪೇರಿಯವರ ಹತ್ತಿರ ಕೊಟ್ಟುಬಿಡಿ.