ಪಾರ್ಲರ್‌ನಲ್ಲಿ ಬೊಟಾಕ್ಸ್ ಹಾಕಿಸಿಕೊಳ್ಳುವ ಮುಂಚೆ ಬಾಟಲಿ ತೋರಿಸಿ ಅನ್ನಿ

ಮೈಸೂರಿನಲ್ಲಿ ಈಗ ಬಡಾವಣೆಗೊಂದು ಸ್ಕಿನ್ ಸ್ಟುಡಿಯೊ ಆಗಿದೆ. ಹುಬ್ಬು ತಿದ್ದುವ ಕಡೆಯೇ ಮುಖದ ಗೆರೆ ಹೋಗಿಸುವ ಬೊಟಾಕ್ಸ್ ಇಂಜೆಕ್ಷನ್ನೂ ಕೊಡುತ್ತಾರೆ. ದಸರಾ ಬಂತು ಅಂದರೆ ಆಫರ್. ಹಣೆ, ಹುಬ್ಬಿನ ನಡುವೆ, ಕಣ್ಣಿನ ಪಕ್ಕ, ಮೂರೂ ಸೇರಿ ಆರು ಸಾವಿರ. ಜೊತೆಗೆ ಒಂದು ಫೇಶಿಯಲ್ ಫ್ರೀ. ಅಂಥ ಒಂದು ಆಫರ್‌ಗೆ ಹೋಗಿ ನನ್ನ ಬಲಗಣ್ಣಿನ ರೆಪ್ಪೆ ಜೋತುಬಿತ್ತು. ಹಬ್ಬ ಮುಗಿದು ದೀಪಾವಳಿ ಬಂದರೂ ಸರಿಹೋಗಿರಲಿಲ್ಲ. ಜಾಗದ ಹೆಸರು ಬರೆಯುವುದಿಲ್ಲ, ದೂರು ಇನ್ನೂ ನಡೆಯುತ್ತಿದೆ. ಅಲ್ಲಿ ಏನೇನು ಆಯಿತು ಅನ್ನುವುದನ್ನು ಮಾತ್ರ ಹೇಳುತ್ತೇನೆ. ನಿಮ್ಮ ಊರಿನ ಸ್ಟುಡಿಯೊದಲ್ಲೂ ಹೀಗೇ ನಡೆಯುತ್ತಿದ್ದರೆ ಅಲ್ಲಿಂದಲೇ ಎದ್ದು ಬನ್ನಿ.

ಮೊದಲು ಒಂದು ಫಾರ್ಮ್ ಕೊಟ್ಟರು. ಹುಟ್ಟಿದ ದಿನ, ಮದುವೆಯಾದ ದಿನ, ವಾಟ್ಸ್‌ಆ್ಯಪ್ ನಂಬರ್. ಅಷ್ಟೇ. ಯಾವ ಮಾತ್ರೆ ತಗೊಳ್ತೀರಿ, ಅಲರ್ಜಿ ಇದೆಯಾ, ನರದ ತೊಂದರೆ ಇದೆಯಾ, ಒಂದೂ ಪ್ರಶ್ನೆ ಇಲ್ಲ. ಮಯಸ್ತೇನಿಯಾ ಗ್ರಾವಿಸ್‌ನಂಥ, ಸ್ನಾಯುಗಳ ಶಕ್ತಿ ಕುಂದಿಸುವ ಕಾಯಿಲೆ ಇದ್ದವರಿಗೆ ಈ ಇಂಜೆಕ್ಷನ್ ಅಪಾಯ. ಜೆಂಟಾಮೈಸಿನ್ ಜಾತಿಯ ಆ್ಯಂಟಿಬಯಾಟಿಕ್ ನಡೆಯುತ್ತಿದ್ದರೆ ಪರಿಣಾಮ ಜಾಸ್ತಿಯಾಗಬಹುದು. ಬಸುರಿಯರು, ಮಗುವಿಗೆ ಹಾಲುಣಿಸುವವರು ಹಾಕಿಸಿಕೊಳ್ಳಬಾರದು ಅಂತ ವೈದ್ಯರು ಹೇಳುತ್ತಾರೆ. ಇವೆಲ್ಲ ಸೂಜಿ ಮುಟ್ಟುವ ಮುಂಚೆ ಕೇಳಬೇಕಾದ್ದು. ಮದುವೆಯಾದ ದಿನ ಯಾಕೆ ಬೇಕಿತ್ತು ಅಂದರೆ, ಆನಿವರ್ಸರಿ ಆಫರ್ ಕಳಿಸೋಕಂತೆ.

ಆಮೇಲೆ ಬಿಳಿ ಕೋಟ್ ಹಾಕಿದ ಒಬ್ಬರು ಬಂದರು. ಅಲ್ಲಿನ ಹುಡುಗಿಯರು ಅವರನ್ನು ‘ಡಾಕ್ಟರ್ ಮ್ಯಾಮ್’ ಅನ್ನುತ್ತಿದ್ದರು. ಮೂಲೆಯಲ್ಲಿದ್ದ ಸಣ್ಣ ಫ್ರಿಜ್ ತೆಗೆದರು. ನಾನು ಕೂತಿದ್ದ ಕುರ್ಚಿಯಿಂದ ಒಳಗೆಲ್ಲ ಕಾಣುತ್ತಿತ್ತು. ಫೇಸ್ ಪ್ಯಾಕ್ ಡಬ್ಬಿಗಳು, ಅರ್ಧ ಕುಡಿದಿಟ್ಟ ಮಾವಿನ ಜ್ಯೂಸ್, ಅದರ ಪಕ್ಕ ಸ್ಟೀಲ್ ತಟ್ಟೆಯಲ್ಲಿ ಮೊದಲೇ ತುಂಬಿಟ್ಟ ಸಿರಿಂಜ್‌ಗಳು. ಒಂದೊಂದಕ್ಕೂ ಬಿಳಿ ಟೇಪ್ ಅಂಟಿಸಿ ಪೆನ್ನಿನಲ್ಲಿ ಏನೋ ಗೀಚಿದ್ದರು. ಯಾವ ಕಂಪನಿಯದು ಅಂತ ಕೇಳಿದೆ. ‘ಇಂಪೋರ್ಟೆಡ್ ಮ್ಯಾಮ್, ಕೊರಿಯಾದ್ದು’ ಅಂದರು. ಬಾಟಲಿ ಕೇಳಿದ್ದಕ್ಕೆ ‘ಬೆಳಗ್ಗೆಯೇ ಓಪನ್ ಮಾಡಿದ್ವಿ, ಎಲ್ಲರಿಗೂ ಅದೇ ಹಾಕಿದ್ದು’ ಅಂತ ಉತ್ತರ. ಚುಚ್ಚಿದ್ದು ಮುಗಿದು ಹತ್ತು ನಿಮಿಷ ಆಗಿರಲಿಲ್ಲ, ಫ್ರೀ ಫೇಶಿಯಲ್ ಅಂತ ಮಲಗಿಸಿ ಹಣೆ, ಹುಬ್ಬು ಎಲ್ಲ ಚೆನ್ನಾಗಿ ತಿಕ್ಕಿ ಮಸಾಜ್ ಮಾಡಿದರು.

ವಾರದೊಳಗೆ ಬಲಗಣ್ಣು ಭಾರವಾಯಿತು. ಕನ್ನಡಿಯಲ್ಲಿ ನೋಡಿದರೆ ರೆಪ್ಪೆ ಕಣ್ಣುಗುಡ್ಡೆಯ ಅರ್ಧಕ್ಕೆ ಇಳಿದಿದೆ. ಕಾಡಿಗೆ ಹಚ್ಚೋಕೆ ಬೆರಳಲ್ಲಿ ರೆಪ್ಪೆ ಎತ್ತಿ ಹಿಡಿಯಬೇಕು. ಸ್ಕೂಟರ್ ಓಡಿಸುವಾಗ ಮೇಲಿನ ಸಿಗ್ನಲ್ ನೋಡೋಕೆ ತಲೆಯನ್ನೇ ಹಿಂದಕ್ಕೆ ಒಗೆಯಬೇಕು. ನಮ್ಮ ಮನೆಯವರು ಲಕ್ವ ಹೊಡೆದಿದೆ ಅಂತ ಹೆದರಿ ರಾತ್ರಿಯೇ ಕ್ಯಾಶುವಾಲ್ಟಿಗೆ ಕರೆದುಕೊಂಡು ಹೋದರು. ಅದು ಸರಿಯಾದ ಕೆಲಸವೇ. ದಿಢೀರ್ ರೆಪ್ಪೆ ಇಳಿದರೆ ಮನೆಯಲ್ಲಿ ಕೂತು ಕಾರಣ ಊಹಿಸಬಾರದು. ಅಲ್ಲಿದ್ದ ಡ್ಯೂಟಿ ಡಾಕ್ಟರ್ ನಗಿಸಿ ನೋಡಿದರು, ಕೈ ಎತ್ತಿಸಿದರು, ಕಣ್ಣಿಗೆ ಟಾರ್ಚ್ ಬಿಟ್ಟರು. ಆಮೇಲೆ ಮೆಲ್ಲಗೆ ‘ಮುಖಕ್ಕೆ ಏನಾದ್ರೂ ಇಂಜೆಕ್ಷನ್ ತಗೊಂಡಿದ್ರಾಮ್ಮಾ?’ ಅಂತ ಕೇಳಿದರು.

ಮರುದಿನ ಚರ್ಮವೈದ್ಯರ ಹತ್ತಿರ ಹೋದೆ. ಅವರು ಕೇಳಿದ್ದು ಮೂರೇ ಮಾತು. ಯಾವ ಬ್ರಾಂಡ್, ಎಷ್ಟು ಯೂನಿಟ್ (ಈ ಔಷಧದ ಅಳತೆ), ಎಲ್ಲೆಲ್ಲಿ ಚುಚ್ಚಿದರು? ಮೊದಲ ಎರಡಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಫೋನ್ ಮಾಡಿದರೆ ಸ್ಟುಡಿಯೊದವರ ಹತ್ತಿರವೂ ಇಲ್ಲ. ಬಿಲ್ ತೆಗೆದು ನೋಡಿದರೆ ‘ಸ್ಕಿನ್ ಗ್ಲೋ ಪ್ಯಾಕೇಜ್’ ಅಂತ ಬರೆದಿದೆ. ಬೊಟಾಕ್ಸ್ ಅನ್ನುವ ಅಕ್ಷರವೇ ಇಲ್ಲ.

ಆ ಚರ್ಮವೈದ್ಯರು ವಿವರಿಸಿದ ಮೇಲೆ ನನಗೆ ಅರ್ಥವಾಯಿತು. ಬೊಟಾಕ್ಸ್ ಅಂದರೆ ಕ್ರೀಮ್ ಥರದ ಸೌಂದರ್ಯ ಸಾಮಗ್ರಿ ಅಲ್ಲ, ಔಷಧ. ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಅನ್ನುವ ಬ್ಯಾಕ್ಟೀರಿಯಾದ ವಿಷವನ್ನೇ ಶುದ್ಧ ಮಾಡಿ ತೀರಾ ಸಣ್ಣ ಪ್ರಮಾಣದಲ್ಲಿ ಬಳಸುತ್ತಾರೆ. ನರದಿಂದ ಸ್ನಾಯುವಿಗೆ ಹೋಗುವ ಸೂಚನೆಯನ್ನು ಅದು ತಡೆಯುತ್ತದೆ. ಸ್ನಾಯು ಸಡಿಲ ಆಗುತ್ತದೆ, ಗೆರೆ ಮಾಯ. 1989ರಲ್ಲಿ ಅಮೆರಿಕದಲ್ಲಿ ಇದಕ್ಕೆ ಮೊದಲು ಒಪ್ಪಿಗೆ ಸಿಕ್ಕಿದ್ದು ಮೆಳ್ಳೆಗಣ್ಣು, ರೆಪ್ಪೆ ಸೆಳೆತದ ಚಿಕಿತ್ಸೆಗೆ. ಹುಬ್ಬಿನ ನಡುವಿನ ಗೆರೆಗೆ ಒಪ್ಪಿಗೆ ಬಂದಿದ್ದು 2002ರಲ್ಲಿ. ಸರಿಯಾದ ಕೈಯಲ್ಲಿ ಒಳ್ಳೆಯ ಔಷಧವೇ, ನನಗೇನೂ ತಕರಾರಿಲ್ಲ. ಆದರೆ ಹುಬ್ಬಿನ ಹತ್ತಿರ ಹಾಕಿದ್ದು ಕೆಳಗೆ ಹರಡಿ ರೆಪ್ಪೆ ಎತ್ತುವ ಸ್ನಾಯುವಿಗೆ ತಾಗಿದರೆ ನನಗಾದ ಹಾಗೆ ಆಗುತ್ತದೆ. ಒಳ್ಳೆಯ ವೈದ್ಯರ ಕೈಯಲ್ಲೂ ಅಪರೂಪಕ್ಕೆ ಹೀಗಾಗುತ್ತದಂತೆ. ಅದಕ್ಕೇ ಇಂಜೆಕ್ಷನ್ ಆದ ಮೇಲೆ ಕೆಲವು ಗಂಟೆ ಆ ಜಾಗ ಉಜ್ಜಬೇಡಿ, ಮಲಗಬೇಡಿ ಅಂತ ಹೇಳಿ ಕಳಿಸುತ್ತಾರೆ. ಫ್ರೀ ಫೇಶಿಯಲ್ ವಿಷಯ ಹೇಳಿದಾಗ ಆ ಡಾಕ್ಟರ್ ಪೆನ್ ಕೆಳಗಿಟ್ಟು ನನ್ನ ಮುಖ ನೋಡಿದರು.

ಬಾಟಲಿ ಯಾಕೆ ನೋಡಬೇಕು ಅಂದರೆ ಅದಕ್ಕೂ ಲೆಕ್ಕ ಇದೆ. ಬೊಟಾಕ್ಸ್ ಬರುವುದು ಪುಡಿಯಾಗಿ. ಸಲೈನ್ ಬೆರೆಸಿ ಹಾಕುತ್ತಾರೆ. ಬೆರೆಸಿದ ಮೇಲೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು 24 ಗಂಟೆಯೊಳಗೆ ಬಳಸಬೇಕು, ಒಂದು ಬಾಟಲಿ ಒಬ್ಬರಿಗೇ ಅಂತ ಲೇಬಲ್ ಹೇಳುತ್ತದೆ. ಒಂದು ಕಂಪನಿಯ ಯೂನಿಟ್ಟೂ ಇನ್ನೊಂದರ ಯೂನಿಟ್ಟೂ ಒಂದೇ ಅಲ್ಲ. ಅಮೆರಿಕದ ಲೇಬಲ್ ಪ್ರಕಾರ ಹುಬ್ಬಿನ ನಡುವಿಗೆ 20, ಹಣೆಗೆ 20, ಎರಡೂ ಕಣ್ಣಿನ ಪಕ್ಕಕ್ಕೆ ಸೇರಿ 24, ಒಟ್ಟು 64 ಯೂನಿಟ್. ಮುಖ ನೋಡಿ ವೈದ್ಯರು ಹೆಚ್ಚು ಕಡಿಮೆ ಮಾಡುತ್ತಾರೆ, ಬಿಡಿ. ಆದರೂ ಆರು ಸಾವಿರವನ್ನು 64ಕ್ಕೆ ಹಂಚಿದರೆ ಯೂನಿಟ್‌ಗೆ ನೂರು ರೂಪಾಯಿಯೂ ಬೀಳುವುದಿಲ್ಲ. ಆಮೇಲೆ ನಾನು ವಿಚಾರಿಸಿದ ಯಾವ ಚರ್ಮವೈದ್ಯರೂ ಆ ದರದ ಹತ್ತಿರ ಬರಲಿಲ್ಲ. ಹಾಗಾದರೆ ಆ ಸಿರಿಂಜ್‌ನಲ್ಲಿ ಇದ್ದದ್ದೇನು? ನೀರು ಮಜ್ಜಿಗೆ ಥರ ಸಲೈನ್ ಜಾಸ್ತಿ ಸುರಿದಿದ್ದರಾ, ಹಳೇದಾ, ನಕಲಿಯಾ? ತಿಳಿದುಕೊಳ್ಳುವ ದಾರಿಯೇ ಇಲ್ಲ.

ನಕಲಿ ಅನ್ನುವುದು ಸುಮ್ನೆ ಹೆದರಿಸುವ ಮಾತಲ್ಲ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಆರೋಗ್ಯ ಇಲಾಖೆಯವರೇ ಎಚ್ಚರಿಕೆ ಕೊಟ್ಟಿದ್ದರು. ನಕಲಿ ಅಥವಾ ಸರಿಯಾಗಿ ಇಡದ ಬೊಟಾಕ್ಸ್‌ನಿಂದ 11 ರಾಜ್ಯಗಳಲ್ಲಿ 22 ಮಹಿಳೆಯರಿಗೆ ತೊಂದರೆಯಾಗಿ, ಅರ್ಧದಷ್ಟು ಜನ ಆಸ್ಪತ್ರೆ ಸೇರಿದ್ದರು. ಲೈಸೆನ್ಸ್ ಇಲ್ಲದವರ ಕೈಯಲ್ಲಿ, ಮನೆಗಳಲ್ಲಿ, ಸ್ಪಾಗಳಲ್ಲಿ ಹಾಕಿಸಿಕೊಂಡವರೂ ಅದರಲ್ಲಿದ್ದರು. ರೆಪ್ಪೆ ಇಳಿಯುವುದು ಅದರಲ್ಲಿ ಸಣ್ಣ ತೊಂದರೆ. ನುಂಗೋಕೆ ಕಷ್ಟ, ಮಾತು ತೊದಲುವುದು, ಎರಡೆರಡು ಕಾಣುವುದು, ಉಸಿರು ಕಟ್ಟುವುದು, ಇದರಲ್ಲಿ ಯಾವುದಾದರೂ ಶುರುವಾದರೆ ತಡ ಮಾಡದೆ ದೊಡ್ಡ ಆಸ್ಪತ್ರೆಗೇ ಹೋಗಿ. ಇಂಜೆಕ್ಷನ್ ಆಗಿ ವಾರಗಳಾದ ಮೇಲೂ ಇದು ಕಾಣಿಸಿಕೊಳ್ಳಬಹುದು.

ಸ್ಟುಡಿಯೊದವರು ಏನಂದರು ಗೊತ್ತಾ? ‘ಸೆಟ್ಲ್ ಆಗುತ್ತೆ ಮ್ಯಾಮ್, ಬನ್ನಿ ಒಂದು ಟಚ್‌ಅಪ್ ಕೊಡ್ತೀವಿ.’ ದಯವಿಟ್ಟು ಹೋಗಬೇಡಿ. ರೆಪ್ಪೆ ಇಳಿದ ಮುಖಕ್ಕೆ ಅದೇ ಕೈ, ಅದೇ ಸಿರಿಂಜ್ ಇನ್ನೊಂದು ಸಲ ಬೇಡ. ಕೆನ್ನೆ, ತುಟಿ ತುಂಬಿಸೋಕೆ ಹಾಕುವ ಫಿಲ್ಲರ್ ಆದರೆ, ಹೈಯಲುರೊನಿಕ್ ಆ್ಯಸಿಡ್‌ನಿಂದ ಮಾಡಿದ್ದನ್ನು ಕರಗಿಸುವ ಇಂಜೆಕ್ಷನ್ ಇದೆ. ಬೊಟಾಕ್ಸ್‌ಗೆ ಹಾಗೆ ವಾಪಸ್ ತೆಗೆಯುವ ಉಪಾಯ ಇಲ್ಲ, ಅದರ ಪಾಡಿಗೆ ಇಳಿಯಬೇಕು. ಸಾಮಾನ್ಯವಾಗಿ ಅದರ ಕೆಲಸ ಮೂರು ನಾಲ್ಕು ತಿಂಗಳು, ರೆಪ್ಪೆ ಅದಕ್ಕಿಂತ ಬೇಗ ಏಳುತ್ತದೆ. ನನಗೆ ಕಣ್ಣಿಗೆ ಬಿಡುವ ಒಂದು ಹನಿ ಬರೆದುಕೊಟ್ಟರು. ರೆಪ್ಪೆ ಒಂದೆರಡು ಮಿಲಿಮೀಟರ್ ಏಳುತ್ತಿತ್ತು, ಅಷ್ಟೇ. ಅದನ್ನೂ ನೀವಾಗಿ ಮೆಡಿಕಲ್ ಶಾಪ್‌ನಲ್ಲಿ ತಗೊಳ್ಳಬೇಡಿ, ಗ್ಲುಕೋಮಾ, ಹೃದಯದ ತೊಂದರೆ ಎಲ್ಲ ಕೇಳಿಯೇ ಡಾಕ್ಟರ್ ಬರೆಯುತ್ತಾರೆ.

ನೆಂಟರು ಬೇರೆ. ‘ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?’ ಹೆಣ್ಣುಮಕ್ಕಳು ಮುಖ ಮುಚ್ಚಿಕೊಂಡು ಸುಮ್ಮನಿದ್ದುಬಿಡುತ್ತಾರೆ ಅನ್ನುವ ಧೈರ್ಯದ ಮೇಲೇ ಈ ಅಂಗಡಿಗಳು ನಡೆಯುವುದು. ಬೇಕಿತ್ತೋ ಬೇಡವೋ ಅದು ನನಗೆ ಬಿಟ್ಟದ್ದು. ಡಾಕ್ಟರ್ ಅಲ್ಲದವರು ಡಾಕ್ಟರ್ ಅಂತ ಹೇಳಿಕೊಂಡು ಸೂಜಿ ಹಿಡಿದಿದ್ದು ಬೇರೆ ವಿಷಯ, ಅಲ್ವಾ?

ಹಾಕಿಸಿಕೊಳ್ಳಲೇಬೇಕು ಅನ್ನುವವರು ಹೆಸರು, ನೋಂದಣಿ ನಂಬರ್ ಕೇಳಿ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಆ ಹೆಸರು ಇದೆಯಾ ಅಂತ ನೋಡಿಕೊಳ್ಳಿ. ಚರ್ಮರೋಗದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಮಾಡಿದವರು ಬೇರೆ, ಕಾಸ್ಮೆಟಾಲಜಿ ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಿದವರು ಬೇರೆ. ಕ್ಲಿನಿಕ್‌ಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಇರಬೇಕು, ಆ ಪತ್ರ ಎದುರಿಗೇ ಕಾಣಬೇಕು. ಆಮೇಲೆ ಸೀಲ್ ಒಡೆಯದ ಬಾಟಲಿ ನಿಮ್ಮ ಮುಂದೆ ತೆಗೆಯಲಿ. ಲೇಬಲ್, ಬ್ಯಾಚ್ ನಂಬರ್, ಎಕ್ಸ್‌ಪೈರಿ ಫೋಟೊ ತಗೊಳ್ಳಿ. ಯೂನಿಟ್ ಎಷ್ಟು ಅಂತ ಬಿಲ್ ಮೇಲೆ ಬರೆಸಿ. ‘ಫೋಟೊ ಎಲ್ಲ ಬಿಡಲ್ಲ ಮ್ಯಾಮ್’ ಅಂದರೆ ಚಪ್ಪಲಿ ಹಾಕಿಕೊಳ್ಳಿ.

ನಾನು ದುಡ್ಡು ವಾಪಸ್ ಕೇಳಿದಾಗ ಒಂದು ಕಾಗದ ಮುಂದಿಟ್ಟರು. ನನ್ನ ಇಷ್ಟದಿಂದಲೇ ಮಾಡಿಸಿಕೊಂಡೆ, ಯಾವ ದೂರೂ ಇಲ್ಲ ಅಂತ ಸಹಿ ಮಾಡಿದರೆ ಹಣವೂ ವಾಪಸ್, ಹೇರ್ ಸ್ಪಾ ಕೂಡ ಫ್ರೀ. ಸಹಿ ಮಾಡಲಿಲ್ಲ. ಜಿಲ್ಲಾ ಆರೋಗ್ಯ ಅಧಿಕಾರಿ ಕಚೇರಿಯಲ್ಲಿ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು, ಅದಕ್ಕೆ ಎರಡು ವರ್ಷದ ಅವಧಿ ಇದೆ. ಔಷಧದಿಂದ ಅಡ್ಡಪರಿಣಾಮ ಆದರೆ ತಿಳಿಸೋಕೆ 1800-180-3024 ಅಂತ ಒಂದು ಟೋಲ್ ಫ್ರೀ ನಂಬರ್ ಇದೆ, ಅಲ್ಲಿಗೂ ಹೇಳಿ. ಇದಕ್ಕೆಲ್ಲ ಕೈಯಲ್ಲಿ ಕಾಗದ ಇರಬೇಕು. ದೂರು ಹೋಗುತ್ತಿದ್ದ ಹಾಗೇ ಇನ್‌ಸ್ಟಾಗ್ರಾಮ್‌ನಿಂದ ಅವರ ಆಫರ್ ಪೋಸ್ಟರ್ ಮಾಯವಾಯಿತು. ನನ್ನ ತಂಗಿ ಅದರ ಸ್ಕ್ರೀನ್‌ಶಾಟ್ ಮೊದಲೇ ಕಳಿಸಿದ್ದಳು. ಕ್ಯಾಶುವಾಲ್ಟಿ ಚೀಟಿ, ರೆಪ್ಪೆ ಇಳಿದ ದಿನದಿಂದ ತೆಗೆದ ಫೋಟೊಗಳು, ‘ಟಚ್‌ಅಪ್‌ಗೆ ಬನ್ನಿ’ ಅಂತ ಬಂದ ವಾಟ್ಸ್‌ಆ್ಯಪ್ ಮೆಸೇಜ್, ಆ ಪೋಸ್ಟರ್, ಈಗ ಎಲ್ಲ ಒಂದೇ ಫೈಲ್‌ನಲ್ಲಿವೆ.