ಟಿವಿಗೆ ನೆಟ್ ಕೊಡೋಕೆ ವೈಫೈ, ಪವರ್‌ಲೈನ್, ಮೆಶ್ ಎಲ್ಲಾ ನೋಡಿದೆ, ಕೊನೆಗೆ ಲ್ಯಾನ್ ಕೇಬಲ್ಲೇ ಸೈ

ಮೊದಲೇ ಹೇಳಿಬಿಡುತ್ತೇನೆ, ನಾನು ಕೇಬಲ್ ಪಕ್ಷ. ಹಾಗಾಗಿ ಇದರಲ್ಲಿ ಎಲ್ಲರಿಗೂ ಸಮನಾಗಿ ಅಂಕ ಹಂಚುತ್ತೇನೆ ಅಂತ ನಿರೀಕ್ಷಿಸಬೇಡಿ. ನಮ್ಮಲ್ಲಿ ರೂಟರ್ ಒಂದು ಕೋಣೆಯಲ್ಲಿ, ಟಿವಿ ಎರಡು ಗೋಡೆ ಆಚೆ ಹಾಲ್‌ನಲ್ಲಿ. ಟಿವಿ ಕೆಳಗೆ ನೆಟ್ ಮೇಲೆಯೇ ಚಾನೆಲ್ ಬರುವ ಐಪಿಟಿವಿ ಸೆಟ್ ಟಾಪ್ ಬಾಕ್ಸ್. ಎರಡಕ್ಕೂ ನೆಟ್ ಬೇಕು. ಡಬ್ಬದ ಮೇಲೆ ಬರೆದಿರುವ ಸ್ಪೀಡ್ ಲೆಕ್ಕ ಇಲ್ಲಿ ಒಪ್ಪಿಸುವುದಿಲ್ಲ, ಅದು ಎಲ್ಲಾ ಕಡೆ ಸಿಗುತ್ತದೆ.

ವೈಫೈಯಿಂದ ಶುರು ಮಾಡೋಣ. ರೂಟರ್ ಟಿವಿ ಇರುವ ಕೋಣೆಯಲ್ಲೇ ಇದ್ದರೆ ಸುಮ್ನೆ ವೈಫೈ ಹಾಕಿಕೊಳ್ಳಿ, ಮುಂದೆ ಓದುವ ಅಗತ್ಯವೇ ಇಲ್ಲ. ಗೋಡೆ ಅಡ್ಡ ಬಂದಾಗ ಕಷ್ಟ. 5 ಗಿಗಾಹರ್ಟ್ಸ್ ಸಿಗ್ನಲ್ ವೇಗವಾಗಿದ್ದರೂ ಗೋಡೆ ದಾಟುವಾಗ ಸೊರಗುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ರೂಟರ್‌ಗಳೆಲ್ಲಾ ಅದರಲ್ಲೇ ಕೂತಿರುತ್ತವೆ. ಒಂದಕ್ಕೊಂದು ತಾಗದ ವೈಫೈ ಚಾನೆಲ್ ಅಂದರೆ 1, 6, 11, ಮೂರೇ. ಸಿನಿಮಾ ಆಪ್ ಓಡಿಸಲು ಟಿವಿ ಹಿಂದೆ ಸಿಕ್ಕಿಸುವ ಸ್ಟಿಕ್ ಆದರೆ ಇನ್ನೊಂದು ತೊಂದರೆ: ಟಿವಿಯ ಬೆನ್ನೇ ಸಿಗ್ನಲ್‌ಗೆ ಅಡ್ಡ ನಿಲ್ಲುತ್ತದೆ. ಹಲವು ಸ್ಟಿಕ್‌ಗಳ ಜೊತೆ ಚಿಕ್ಕದೊಂದು ಎಚ್‌ಡಿಎಂಐ ವೈರ್ ಕೊಡುತ್ತಾರಲ್ಲ, ಅದನ್ನು ಡಬ್ಬದಲ್ಲೇ ಬಿಡಬೇಡಿ. ಸ್ಟಿಕ್ ಟಿವಿಯಿಂದ ಗೇಣುದ್ದ ಆಚೆ ಬಂದರೂ ಸಿಗ್ನಲ್ ಸುಧಾರಿಸುತ್ತದೆ.

ಇಷ್ಟಾದರೂ ನನ್ನ ದೂರು ಸ್ಪೀಡ್ ಬಗ್ಗೆ ಅಲ್ಲ. ವೈಫೈಯಲ್ಲಿ ಸಿನಿಮಾ ಚೆನ್ನಾಗಿ ಓಡುತ್ತಿತ್ತು, ಲೈವ್ ಚಾನೆಲ್ ಮಾತ್ರ ಆಗಾಗ ಚೌಕ ಚೌಕವಾಗಿ ಒಡೆಯುತ್ತಿತ್ತು. ಸಿನಿಮಾ ಆಪ್‌ಗಳು ಮುಂದಿನ ಭಾಗವನ್ನು ಮೊದಲೇ ತುಂಬಿಟ್ಟುಕೊಳ್ಳುತ್ತವೆ. ನಡುವೆ ಒಂದೆರಡು ಸೆಕೆಂಡ್ ನೆಟ್ ಮುಗ್ಗರಿಸಿದರೂ ನಮಗೆ ಗೊತ್ತೇ ಆಗುವುದಿಲ್ಲ. ಐಪಿಟಿವಿ ಲೈವ್ ಚಾನೆಲ್ ಸಾಮಾನ್ಯವಾಗಿ ಮಲ್ಟಿಕಾಸ್ಟ್‌ನಲ್ಲಿ, ಅಂದರೆ ಒಂದೇ ಪ್ರತಿಯನ್ನು ಕೇಳಿದವರೆಲ್ಲರಿಗೂ ಒಟ್ಟಿಗೆ ಕಳಿಸುವ ರೀತಿಯಲ್ಲಿ, ಬರುತ್ತದೆ. ವೈಫೈ ಮಲ್ಟಿಕಾಸ್ಟನ್ನು ಕಡಿಮೆ ವೇಗದಲ್ಲಿ ಕಳಿಸುತ್ತದೆ, ತಲುಪಿತಾ ಅಂತ ಕೇಳುವುದೂ ಇಲ್ಲ. ಕಳೆದುಹೋಗಿದ್ದು ಹೋಯಿತು. ಕೆಲವು ರೂಟರ್‌ಗಳು ಅದನ್ನು ಒಬ್ಬೊಬ್ಬರಿಗೇ ಬೇರೆಬೇರೆಯಾಗಿ ಕಳಿಸುವ ಮಾಮೂಲಿ ಯೂನಿಕಾಸ್ಟ್ ಮಾಡಿ ಕಳಿಸುತ್ತವೆ, ನನ್ನದು ಅಂಥದ್ದಲ್ಲ. ಸ್ಪೀಡ್ ಟೆಸ್ಟ್ ಮಾಡಿದರೆ ಮಾತ್ರ ಬೇಕಾದಷ್ಟು ತೋರಿಸುತ್ತಿತ್ತು!

ವೈಫೈ ಸಿಗ್ನಲನ್ನು ಹಿಡಿದು ಮುಂದಕ್ಕೆ ದಾಟಿಸುವ ಎಕ್ಸ್‌ಟೆಂಡರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಕಳಿಸುವ ಅಗ್ಗದ ಮಾದರಿಯಲ್ಲಿ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಹಳೇ ರೂಟರನ್ನೇ ಎರಡನೆಯದಾಗಿ ಹಾಕುವವರು ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಬೇರೆ ನೆಟ್‌ವರ್ಕ್ ಮಾಡದೆ ಮೊದಲ ರೂಟರ್‌ನದ್ದನ್ನೇ ಹಂಚುವ ಮೋಡ್) ಬದಲಾಯಿಸಿ. ಇಲ್ಲದಿದ್ದರೆ ಫೋನ್ ಒಂದು ನೆಟ್‌ವರ್ಕ್‌ನಲ್ಲಿ, ಟಿವಿ ಇನ್ನೊಂದರಲ್ಲಿ. ಫೋನಿನ ವಿಡಿಯೋವನ್ನು ಟಿವಿಗೆ ಕಳಿಸುವ ಕಾಸ್ಟ್ ಬಟನ್ ಕಾಣಿಸುವುದೇ ಇಲ್ಲ.

ಪವರ್‌ಲೈನ್ ಅಡಾಪ್ಟರ್ ಕತೆ ಸ್ವಲ್ಪ ಉದ್ದ. ದುಡ್ಡು ಜಾಸ್ತಿ ಹೋಗಿದ್ದೂ ಇದಕ್ಕೇ, ತಲೆ ಕೆಟ್ಟಿದ್ದೂ ಇದರಿಂದಲೇ. ಐಡಿಯಾ ಏನೋ ಚೆನ್ನಾಗಿದೆ. ಒಂದು ಅಡಾಪ್ಟರ್ ರೂಟರ್ ಪಕ್ಕದ ಪ್ಲಗ್ ಪಾಯಿಂಟ್‌ಗೆ, ಇನ್ನೊಂದು ಟಿವಿ ಪಕ್ಕದ್ದಕ್ಕೆ. ಮನೆಯ ಕರೆಂಟ್ ವೈರಿನಲ್ಲೇ ನೆಟ್ ಹೋಗುತ್ತದೆ. ಗೋಡೆ ಕೊರೆಯಬೇಕಿಲ್ಲ, ಹೊಸ ವೈರ್ ಎಳೆಯಬೇಕಿಲ್ಲ. ಬಟನ್ ಒತ್ತಿದೆ, ದೀಪ ಹತ್ತಿತು, ಚಾನೆಲ್ ಬಂತು. ಮೊದಮೊದಲು ಖುಷಿಯೋ ಖುಷಿ.

ಡಬ್ಬದ ಮೇಲಿನ ದೊಡ್ಡ ಸಂಖ್ಯೆಯನ್ನು ನಂಬಬೇಡಿ, ಕೈಗೆ ಸಿಗುವುದು ಅದರಲ್ಲಿ ಚಿಕ್ಕ ಪಾಲು. 600 ಅಂತ ಬರೆದಿರುವ ಕೆಲವು ಅಡಾಪ್ಟರ್‌ಗಳ ಲ್ಯಾನ್ ಪೋರ್ಟೇ 100 ಎಂಬಿಪಿಎಸ್‌ನದ್ದು. ಸ್ಪೈಕ್ ಗಾರ್ಡ್‌ಗೆ ಸಿಕ್ಕಿಸುವಂತೆಯೂ ಇಲ್ಲ. ಅದರೊಳಗಿನ ಫಿಲ್ಟರ್ ನೆಟ್ ಸಿಗ್ನಲನ್ನು ಕರೆಂಟಿನ ಗಲಾಟೆ ಅಂದುಕೊಂಡು ನುಂಗಿಬಿಡುತ್ತದೆ. ನೇರ ಗೋಡೆಯ ಪಾಯಿಂಟೇ ಆಗಬೇಕು. ಟಿವಿ ಹಿಂದೆ ಇರುವುದೇ ಎರಡು ಪಾಯಿಂಟ್ ಆದರೆ ಅಲ್ಲೇ ಜಗಳ ಶುರು. ಪಕ್ಕದ ಪಾಯಿಂಟ್‌ಗೆ ಮೊಬೈಲ್ ಚಾರ್ಜರ್ ಹಾಕಿದರೆ ಹಸಿರಿದ್ದ ದೀಪ ಕೆಂಪಾಗುತ್ತಿತ್ತು. ಚಾರ್ಜರ್ ತೆಗೆದರೆ ಮತ್ತೆ ಹಸಿರು.

ಇದನ್ನೆಲ್ಲಾ ಸಹಿಸಬಹುದಿತ್ತು. ಸಹಿಸಲು ಆಗದ್ದು ಅದರ ನಿದ್ದೆ. ಟಿವಿ, ಬಾಕ್ಸ್ ಆಫ್ ಮಾಡಿದ ಸ್ವಲ್ಪ ಹೊತ್ತಿಗೆ ಅಡಾಪ್ಟರ್ ಕರೆಂಟ್ ಉಳಿಸಲು ಮಲಗಿಬಿಡುತ್ತದೆ. ಮತ್ತೆ ಬಾಕ್ಸ್ ಆನ್ ಮಾಡಿದಾಗ ಅದು ಮೊದಲು ಕೇಳುವುದು ರೂಟರ್ ಹತ್ತಿರ ಐಪಿ ವಿಳಾಸ. ಆಗಿನ್ನೂ ಅಡಾಪ್ಟರ್ ಕಣ್ಣುಜ್ಜಿಕೊಳ್ಳುತ್ತಿರುತ್ತದೆ. ಉತ್ತರ ಬರುವುದಿಲ್ಲ. ಬಾಕ್ಸ್ ಕಾದು ಕಾದು 'ನೆಟ್‌ವರ್ಕ್ ಇಲ್ಲ' ಅಂತ ಪರದೆ ಮೇಲೆ ಬರೆದು ಸುಮ್ಮನಾಗುತ್ತದೆ. ಅಷ್ಟು ಹೊತ್ತಿಗೆ ಅಡಾಪ್ಟರ್ ಎದ್ದು ದೀಪ ಮಿನುಗಿಸುತ್ತಿರುತ್ತದೆ, ಆದರೆ ಬಾಕ್ಸ್ ತಾನಾಗಿ ಇನ್ನೊಮ್ಮೆ ಕೇಳುವುದಿಲ್ಲ. ನಾವೇ ಎದ್ದು ಹೋಗಿ ಆಫ್ ಮಾಡಿ ಆನ್ ಮಾಡಬೇಕು. ದಿನಾ ಇದೇ ಗೋಳು. ಮನೆಯವರು ರಿಮೋಟ್ ನನ್ನ ಕೈಗೆ ಕೊಟ್ಟು 'ನೀವೇ ಹಾಕಿಕೊಡಿ' ಅನ್ನುವ ಹಂತಕ್ಕೆ ಬಂತು.

ಕಂಪ್ಯೂಟರಿನಲ್ಲಿ ಕಂಪನಿಯ ಸಾಫ್ಟ್‌ವೇರ್ ಹಾಕಿ ಪವರ್ ಸೇವಿಂಗ್ ಆಫ್ ಮಾಡಬಹುದು. ಮಾಡಿದೆ. ಅಡಾಪ್ಟರನ್ನು ರಿಸೆಟ್ ಮಾಡಿದಾಗಲೆಲ್ಲಾ ಅದು ಮತ್ತೆ ಆನ್ ಆಗುತ್ತಿತ್ತು. ಗಟ್ಟಿಯಾಗಿ ನಿಂತ ಪರಿಹಾರ ಬೇರೆ: ಅಡಾಪ್ಟರ್ ಮತ್ತು ಟಿವಿ ನಡುವೆ 5 ಪೋರ್ಟಿನ ಪುಟ್ಟ ನೆಟ್‌ವರ್ಕ್ ಸ್ವಿಚ್ (ಒಂದು ಲ್ಯಾನ್ ವೈರನ್ನು ಹಲವು ಸಾಧನಗಳಿಗೆ ಹಂಚುವ ಡಬ್ಬ). ಸ್ವಿಚ್ ಯಾವಾಗಲೂ ಆನ್ ಇರುವುದರಿಂದ ಅಡಾಪ್ಟರ್‌ಗೆ ತನ್ನ ಮುಂದೆ ಯಾರೋ ಎಚ್ಚರವಾಗಿದ್ದಾರೆ ಅನ್ನಿಸುತ್ತದೆ, ಮಲಗುವುದಿಲ್ಲ. ಪವರ್‌ಲೈನ್ ಇರುವವರು ಇದನ್ನು ಮಾಡಿ ನೋಡಿ, ಕೆಲಸ ಮಾಡುತ್ತದೆ. ಆದರೆ ಒಂದು ಜೋಡಿ ಅಡಾಪ್ಟರ್, ಒಂದು ಸ್ವಿಚ್, ಅದಕ್ಕೆ ಇನ್ನೊಂದು ಪ್ಲಗ್ ಪಾಯಿಂಟ್! ಇಷ್ಟೆಲ್ಲಾ ಸರ್ಕಸ್ ಬದಲು ಒಂದು ಕೇಬಲ್ ಎಳೆಯಬಹುದಲ್ವಾ?

ಎಳೆದೆ. ಗೋಡೆಯ ಬುಡದ ಪಟ್ಟಿಯ ಗುಂಟ, ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಕ್ಲಿಪ್ ಹೊಡೆದು, ಹಾಲ್‌ವರೆಗೆ. ಕ್ಯಾಟ್ 5ಇ ದರ್ಜೆಯ ಲ್ಯಾನ್ ಕೇಬಲ್ಲೇ 100 ಮೀಟರ್‌ವರೆಗೆ ಗಿಗಾಬಿಟ್ (1000 ಎಂಬಿಪಿಎಸ್) ಒಯ್ಯುತ್ತದೆ, ಮನೆಯೊಳಗೆ ಇನ್ನೇನು ಬೇಕು? ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಮಾತ್ರ ತರಬೇಡಿ, ಪೂರ್ತಿ ತಾಮ್ರದ್ದೇ ಕೇಳಿ. ಒಳಗೆ ಎಂಟು ಎಳೆ ಇರುತ್ತವೆ. ಗಿಗಾಬಿಟ್‌ಗೆ ಎಂಟೂ ಬೇಕು, 100 ಎಂಬಿಪಿಎಸ್‌ಗೆ ನಾಲ್ಕು ಸಾಕು. ಗಿಗಾಬಿಟ್ ಬರಬೇಕಾದ ಕಡೆ 100ರಲ್ಲೇ ನಿಂತಿದ್ದರೆ ಒಂದು ಎಳೆ ಸರಿಯಾಗಿ ಕೂತಿಲ್ಲ ಅಂತ ಅನುಮಾನಿಸಿ, ತುದಿಯ ಪ್ಲಗ್ಗನ್ನು ಮತ್ತೆ ಒತ್ತಿ ಕೂರಿಸಿ (ಕ್ರಿಂಪ್) ಕೊಡಿಸಿ.

ಇಲ್ಲಿ ಒಂದು ತಮಾಷೆ ಇದೆ. ಹೆಚ್ಚಿನ ಸ್ಮಾರ್ಟ್ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದೇ. ಕೇಬಲ್ ಹಾಕಿ ಟೆಸ್ಟ್ ಮಾಡಿದರೆ 94ರ ಆಸುಪಾಸು. ಅದೇ ಟಿವಿಯ ವೈಫೈ ಇದಕ್ಕಿಂತ ಜಾಸ್ತಿ ತೋರಿಸಬಹುದು. ಎಷ್ಟೋ ಜನ ಇದನ್ನು ನೋಡಿಯೇ ಕೇಬಲ್ ಕಿತ್ತು ವೈಫೈಗೆ ಹೋಗುತ್ತಾರೆ. 4ಕೆ ಸಿನಿಮಾಗೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್. 94 ಧಾರಾಳವಾಯಿತು. ಆ 94 ಹಗಲೂ ರಾತ್ರಿ 94ರಲ್ಲೇ ಇರುತ್ತದೆ ಅನ್ನುವುದೇ ನನಗೆ ಮುಖ್ಯ. ಮನೆಯ ಹಾರ್ಡ್ ಡಿಸ್ಕಿನಿಂದ 4ಕೆ ಬ್ಲೂ-ರೇ ಫೈಲ್ ನೆಟ್‌ವರ್ಕ್ ಮೂಲಕ ಓಡಿಸುವವರಿಗೆ ಮಾತ್ರ ಇದು ಕಮ್ಮಿ. ಅಂಥ ಫೈಲ್‌ಗಳು ಕೆಲವು ದೃಶ್ಯಗಳಲ್ಲಿ 100 ದಾಟುತ್ತವೆ. ಅವರು ಯುಎಸ್‌ಬಿ ಗಿಗಾಬಿಟ್ ಅಡಾಪ್ಟರ್ ಪ್ರಯತ್ನಿಸಬಹುದು, ಎಲ್ಲಾ ಟಿವಿ ಅದನ್ನು ಒಪ್ಪುವುದಿಲ್ಲ.

ಪವರ್‌ಲೈನ್‌ಗೆಂದು ತಂದ ಸ್ವಿಚ್ ಈಗ ಕೇಬಲ್ ತುದಿಯಲ್ಲಿ ಕೂತಿದೆ. ಬಂದಿದ್ದು ಒಂದು ವೈರ್, ಟಿವಿಗೂ ಬಾಕ್ಸಿಗೂ ಎರಡಕ್ಕೂ ಆಯಿತು. ಒಂದಕ್ಕೇ ಕೇಬಲ್ ಸಿಗುವ ಹಾಗಿದ್ದರೆ ಬಾಕ್ಸಿಗೆ ಕೊಡಿ, ಟಿವಿ ವೈಫೈಯಲ್ಲಿ ಹೇಗೋ ಸಂಭಾಳಿಸುತ್ತದೆ.

ಗೋಡೆಯೊಳಗೆ ಆಂಟೆನಾ ಕೇಬಲ್ ಮೊದಲೇ ಇದ್ದರೆ ಅದರ ಮೇಲೆಯೇ ನೆಟ್ ಕಳಿಸುವ ಮೋಕಾ ಅಡಾಪ್ಟರ್ ಒಳ್ಳೆಯದೇ. ಅದೇ ಕೇಬಲ್‌ನಲ್ಲಿ ಡಿಶ್ ಸಿಗ್ನಲ್ ಬರುತ್ತಿದ್ದರೆ ಬೇಡ, ಎರಡೂ ಒಂದೇ ಫ್ರೀಕ್ವೆನ್ಸಿಗೆ ಕಿತ್ತಾಡುತ್ತವೆ.

ಮೆಶ್? ಅಂದರೆ ಮನೆಯಲ್ಲಿ ಅಲ್ಲಲ್ಲಿ ಇಟ್ಟ ಹಲವು ಯೂನಿಟ್‌ಗಳು ಸೇರಿ ಒಂದೇ ವೈಫೈ ಆಗುವ ವ್ಯವಸ್ಥೆ. ಒಬ್ಬರಿಂದ ಕಡ ತಂದು ಹಾಕಿ ನೋಡಿದೆ. ಎಕ್ಸ್‌ಟೆಂಡರ್‌ಗಿಂತ ಎಷ್ಟೋ ವಾಸಿ. ಟಿವಿ ಪಕ್ಕದ ಯೂನಿಟ್‌ನ ಲ್ಯಾನ್ ಪೋರ್ಟಿನಿಂದ ಬಾಕ್ಸಿಗೆ ವೈರ್ ಕೊಟ್ಟರೆ ಚಾನೆಲ್ ಒಡೆಯುವುದು ಬಹಳ ಕಮ್ಮಿಯಾಯಿತು. ಕೇಬಲ್ ಎಳೆಯಲು ಸಾಧ್ಯವೇ ಇಲ್ಲದವರಿಗೆ ನಾನು ಪವರ್‌ಲೈನ್ ಅಲ್ಲ, ಇದನ್ನೇ ಹೇಳುತ್ತೇನೆ. ನನ್ನ ಬಜೆಟ್‌ಗೆ ಅದು ದುಬಾರಿ. ಕೇಬಲ್ಲೂ ಸ್ವಿಚ್ಚೂ ಸೇರಿ ಪವರ್‌ಲೈನ್ ಜೋಡಿಗಿಂತಲೂ ಅಗ್ಗಕ್ಕೆ ಮುಗಿದಿರುವಾಗ ಮೆಶ್‌ಗೆ ಕೈ ಹಾಕಲು ಮನಸ್ಸಾಗಲಿಲ್ಲ. ನಾನು ನೋಡುವುದು ಹೆಚ್ಚಾಗಿ ಲೈವ್ ಪಂದ್ಯ ಬೇರೆ. ಮಲಗುವ ಕೋಣೆಯ ಚಿಕ್ಕ ಟಿವಿಯನ್ನು ಮಾತ್ರ ವೈಫೈಯಲ್ಲೇ ಬಿಟ್ಟಿದ್ದೇನೆ, ಅದರಲ್ಲಿ ನಡೆಯುವುದು ಬರೀ ಯೂಟ್ಯೂಬ್.